ಕಲೆಯಲ್ಲಿ ಒಲವಿರುವ ಮಕ್ಕಳಿಗೆ ನ್ಯೂಯಾರ್ಕಿನ ಲಗಾರ್ಡಿಯಾ ಪ್ರೌಢಶಾಲೆ

ಹದಿಮೂರರ ಆಸುಪಾಸಿನಲ್ಲಿ ಊರು ಬಿಟ್ಟು ನ್ಯೂಯಾರ್ಕ್ ನಗರಕ್ಕೆ ಬರುವ ನಮ್ಮ ಮಕ್ಕಳಿಗೆ ಗಣಿತ, ವಿಜ್ಞಾನ ಅಷ್ಟಾಗಿ ತೊಡಕಾಗುವುದಿಲ್ಲ. ಮಧ್ಯಾಹ್ನದ ಊಟಕ್ಕೆ ಯಾರ ಪಕ್ಕದಲ್ಲಿ ಕೂರುವುದೆಂಬುದೇ ಅವರನ್ನು ಹೆಚ್ಚು ಕಾಡುತ್ತದೆ. ಗಣಿತ, ವಿಜ್ಞಾನಕ್ಕೆ ಹೆಸರಾದ ಸ್ಟೈವೆಸೆಂಟ್, ಬ್ರಾಂಕ್ಸ್ ಸೈನ್ಸ್ ಪ್ರೌಢಶಾಲೆಗಳ ಹೆಸರು ಬಂದ ಹೊಸದರಲ್ಲೇ ಹೊಸಬರ ಕಿವಿಗೆ ಬೀಳುತ್ತದೆ. ಸಂಗೀತ, ನೃತ್ಯ, ನಾಟಕ ಅಥವಾ ಚಿತ್ರಕಲೆಯಲ್ಲಿ ನಿಜವಾದ ಆಸಕ್ತಿಯಿರುವ ಮಗು ಮನೆಯಲ್ಲಿದ್ದರೆ ಲಗಾರ್ಡಿಯಾದ ಬಗ್ಗೆಯೂ ಅಷ್ಟೇ ಗಂಭೀರವಾಗಿ ಯೋಚಿಸಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮೇಯರ್ ಫಿಯೊರೆಲ್ಲೊ ಲಗಾರ್ಡಿಯಾ 1936ರಲ್ಲಿ ಸ್ಥಾಪಿಸಿದ ಸಂಗೀತ ಮತ್ತು ಚಿತ್ರಕಲಾ ಪ್ರೌಢಶಾಲೆಯೂ 1948ರಲ್ಲಿ ಆರಂಭವಾದ ಪ್ರದರ್ಶನ ಕಲೆಗಳ ಪ್ರೌಢಶಾಲೆಯೂ 1984ರಲ್ಲಿ ಮ್ಯಾನ್‌ಹಟನ್‌ನ ಕಲಾ ಕೇಂದ್ರವಾದ ಲಿಂಕನ್ ಸೆಂಟರ್ ಪಕ್ಕದ ಕಟ್ಟಡದಲ್ಲಿ ಒಂದೇ ಸೂರಿನಡಿ ಬಂದವು. ಇದು ಸರ್ಕಾರಿ ಶಾಲೆಯಾದ್ದರಿಂದ ಬೋಧನಾ ಶುಲ್ಕವಿಲ್ಲ. ವೀಸಾ ಯಾವುದೆಂಬುದೂ ಪ್ರವೇಶಕ್ಕೆ ಅಡ್ಡಿಯಲ್ಲ. ‘ಸ್ಪೆಷಲೈಸ್ಡ್’ ಎಂದು ಕರೆಯುವ ನಗರದ ಒಂಬತ್ತು ವಿಶೇಷ ಪ್ರೌಢಶಾಲೆಗಳ ಪೈಕಿ ಲಿಖಿತ ಪ್ರವೇಶ ಪರೀಕ್ಷೆಯಿಲ್ಲದೆ ಆಡಿಷನ್ (ಕಲೆಯನ್ನು ಪ್ರದರ್ಶಿಸಿ ತೋರಿಸುವ ಆಯ್ಕೆ ಪರೀಕ್ಷೆ) ಮತ್ತು ಹಿಂದಿನ ತರಗತಿಗಳ ಅಂಕಗಳನ್ನು ನೋಡಿ ಸೇರಿಸಿಕೊಳ್ಳುವುದು ಇದೊಂದೇ.

ನೃತ್ಯ, ನಾಟಕ, ಚಿತ್ರಕಲೆ, ವಾದ್ಯ ಸಂಗೀತ, ಗಾಯನ ಮತ್ತು ರಂಗತಂತ್ರ ಎಂಬ ಆರು ವಿಭಾಗಗಳಿಗೆ ಅಲ್ಲಿ ಸ್ಟುಡಿಯೋ ಎನ್ನುತ್ತಾರೆ. ಎರಡೂವರೆ ಸಾವಿರದಷ್ಟು ವಿದ್ಯಾರ್ಥಿಗಳಿರುವ ಶಾಲೆಯಲ್ಲಿ ಹೊಸ ಮಗು ಕಳೆದುಹೋಗದಿರುವುದು ಈ ವ್ಯವಸ್ಥೆಯಿಂದಾಗಿಯೇ, ಏಕೆಂದರೆ ಪ್ರತಿದಿನ ಹಲವು ಅವಧಿಗಳನ್ನು ಅದೇ ಗೆಳೆಯರೊಂದಿಗೆ ಅಭ್ಯಾಸದಲ್ಲಿ ಕಳೆಯಬೇಕಾಗುತ್ತದೆ. ಶಾಲೆಯ ಸಂಗೀತ ನಾಟಕವೊಂದು ರಂಗಕ್ಕೇರಬೇಕಾದರೆ ಹಾಡುವವರು, ನುಡಿಸುವವರು, ಕುಣಿಯುವವರು, ದೀಪ ಮತ್ತು ರಂಗಸಜ್ಜಿಕೆ ನೋಡಿಕೊಳ್ಳುವವರು ವಾರಗಟ್ಟಲೆ ಸಂಜೆಯವರೆಗೂ ಜೊತೆಗಿರುತ್ತಾರೆ. ಮಾತು ಕಡಿಮೆಯಿರುವ ಮಗುವಿಗೂ ಅಲ್ಲಿ ಮಾಡಲು ಒಂದು ಕೆಲಸವಿರುತ್ತದೆ, ಸ್ನೇಹ ಆ ಕೆಲಸದ ನಡುವೆ ತಾನಾಗಿ ಬೆಳೆಯುತ್ತದೆ.

ಕರ್ನಾಟಕ ಸಂಗೀತ ಕಲಿತ ಮಕ್ಕಳ ತಂದೆತಾಯಿಯರಿಗೆ ಒಂದು ವಿಷಯವನ್ನು ವಿವರವಾಗಿಯೇ ತಿಳಿಸಬೇಕು. ನಮ್ಮ ಪಿಟೀಲು ವಾದಕರು ಚಕ್ಕಳಮಕ್ಕಳ ಹಾಕಿ ಕುಳಿತು, ವಾದ್ಯದ ತುದಿಯನ್ನು ಪಾದದ ಮೇಲಿಟ್ಟು, ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿ ನುಡಿಸುತ್ತಾರೆ. ಆರ್ಕೆಸ್ಟ್ರಾದಲ್ಲಿ ವಾದ್ಯ ಭುಜದ ಮೇಲಿರುತ್ತದೆ, ಶ್ರುತಿಯ ಕ್ರಮ ಬೇರೆ, ಎದುರಿಗಿರುವ ಸ್ವರಲಿಪಿಯನ್ನು ನೋಡುತ್ತಲೇ ಅಕ್ಕಪಕ್ಕದವರ ಕಮಾನಿನ ದಿಕ್ಕಿಗೆ ತಮ್ಮ ಕಮಾನನ್ನೂ ಹೊಂದಿಸಬೇಕು. ತಾಳದ ಲೆಕ್ಕ ಮತ್ತು ಕೇಳಿದ ಸ್ವರವನ್ನು ಹಿಡಿಯುವ ಕಿವಿ ನಮ್ಮ ಮಕ್ಕಳಿಗೆ ದೊಡ್ಡ ಬಲವಾದರೂ, ಆಡಿಷನ್‌ಗೆ ಕನಿಷ್ಠ ಒಂದು ವರ್ಷ ಮೊದಲೇ ಪಾಶ್ಚಾತ್ಯ ಪದ್ಧತಿಯ ಪಾಠ ಆರಂಭಿಸುವುದು ಒಳ್ಳೆಯದು. ಭರತನಾಟ್ಯ ಕಲಿತವರೂ ಅಲ್ಲಿನ ಪಾಠ ಮುಖ್ಯವಾಗಿ ಬ್ಯಾಲೆ ಮತ್ತು ಆಧುನಿಕ ನೃತ್ಯದ್ದೆಂಬುದನ್ನು ಅರಿತಿರಲಿ.

ಇಂಜಿನಿಯರಿಂಗ್ ಅಥವಾ ವೈದ್ಯಕೀಯದ ದಾರಿ ಮುಚ್ಚಿಹೋದೀತೆಂಬ ಭಯ ಬೇಡ. ನ್ಯೂಯಾರ್ಕ್ ರಾಜ್ಯ ನಡೆಸುವ, ರೀಜೆಂಟ್ಸ್ ಎಂಬ ವಿಷಯವಾರು ಪರೀಕ್ಷೆಗಳೂ ಕಾಲೇಜು ಮಟ್ಟದ ಪಾಠವಿರುವ ಎಪಿ ತರಗತಿಗಳೂ ಇಲ್ಲಿಯೂ ಇವೆ. ಆದರೆ ದಿನ ದೀರ್ಘವಾಗುತ್ತದೆ, ಅದಕ್ಕೆ ಮನೆಯವರೆಲ್ಲರೂ ಸಿದ್ಧರಿರಬೇಕು.

ಅರ್ಜಿ ಎಂಟನೆಯ ತರಗತಿಯಲ್ಲಿರುವಾಗಲೇ, ನಗರದ ಮೈಸ್ಕೂಲ್ಸ್ ತಾಣದಲ್ಲಿ, ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಡಿಸೆಂಬರ್ ಆರಂಭದೊಳಗೆ ಸಲ್ಲಿಕೆಯಾಗಬೇಕು. ಮೊದಲ ಬಾರಿ ಒಂಬತ್ತನೆಯ ತರಗತಿಯಲ್ಲಿರುವವರೂ ಹತ್ತನೆಯದಕ್ಕೆ ಪ್ರಯತ್ನಿಸಬಹುದು. ಆಡಿಷನ್‌ನ ನಿಯಮಗಳು ಬದಲಾಗುವುದುಂಟು, ಆದ್ದರಿಂದ ಹಿಂದಿನ ವರ್ಷ ಪ್ರವೇಶ ಪಡೆದವರ ಮಾತನ್ನೇ ನೆಚ್ಚದೆ ಆಯಾ ವರ್ಷದ ಸೂಚನೆಯನ್ನು ಓದಿಕೊಳ್ಳಿ.

ಮನೆ ಹುಡುಕುತ್ತಿರುವವರು ಗಮನಿಸಬೇಕಾದ ಸಂಗತಿಯೆಂದರೆ, ಅರ್ಜಿ ಹಾಕುವ ವಿದ್ಯಾರ್ಥಿ ನ್ಯೂಯಾರ್ಕ್ ನಗರದ ಐದು ಬರೋಗಳಲ್ಲೊಂದರ (ನಗರದ ಆಡಳಿತ ವಿಭಾಗಗಳು) ನಿವಾಸಿಯಾಗಿರಲೇಬೇಕು; ನಗರದ ಹೊರಗಿರುವ ನ್ಯೂಜೆರ್ಸಿಯ ಎಡಿಸನ್‌ನಲ್ಲೋ ಲಾಂಗ್ ಐಲೆಂಡಿನ ಹಿಕ್ಸ್‌ವಿಲ್‌ನಲ್ಲೋ ಬಾಡಿಗೆ ಕರಾರಿಗೆ ಸಹಿ ಹಾಕಿದರೆ ಈ ಅವಕಾಶವಿರುವುದಿಲ್ಲ. ಆ ಐದರಲ್ಲೊಂದಾದ ಕ್ವೀನ್ಸ್‌ನಲ್ಲಿ ನೆಲೆಸುವವರು ಗಾಯಕ ಟೋನಿ ಬೆನೆಟ್ 2001ರಲ್ಲಿ ಸ್ಥಾಪಿಸಿದ, ಅಸ್ಟೋರಿಯಾದಲ್ಲಿರುವ ಫ್ರಾಂಕ್ ಸಿನಾಟ್ರಾ ಕಲಾ ಶಾಲೆಯನ್ನೂ ಪಟ್ಟಿಯಲ್ಲಿ ಸೇರಿಸಿಕೊಳ್ಳಲಿ. ಅದು ಗಾತ್ರದಲ್ಲಿ ಚಿಕ್ಕದು, ಮನೆಗೂ ಹತ್ತಿರ.