ಉಜ್ಜಬ್ಯಾಡ, ಒತ್ತು: ಹೊಲಿಯುವಾಗ ಇಸ್ತ್ರಿ ಹಾಕೋದು ನಾನು ಕಲಿತಿದ್ದು

ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಮನೆಗಳಿಗೇನು ಕಡಿಮೆಯಿಲ್ಲ. ನಾನು ಕೆಲಸ ಕಲಿತಿದ್ದು ಕೌಲ್ ಬಜಾರ್ ಕಡೆಯ ಅಂಥದ್ದೇ ಒಂದು ಸಣ್ಣ ಜಾಗದಲ್ಲಿ. ಮೊದಲಿಗೆ ಮಷಿನ್ ಕೊಡಲಿಲ್ಲ, ಇಸ್ತ್ರಿ ಪೆಟ್ಟಿಗೆ ಕೊಟ್ಟರು. ಜೇಬಿನ ತುಂಡಿನ ಮೇಲೆ ರಟ್ಟಿನ ಅಚ್ಚಿಟ್ಟು ಅಂಚು ಮಡಚಿ ಒತ್ತೋದು, ದಿನವಿಡೀ ಅದೇ. ಬೇಜಾರಾಗುತ್ತಿತ್ತು. ಆದರೆ ಆ ಮಡಿಕೆ ಸರಿಯಾಗಿ ಕೂತರೇನೇ ಜೇಬು ಪ್ಯಾಂಟಿನ ಮೇಲೆ ನೆಟ್ಟಗಿರುತ್ತೆ.

ಒಂದಿನ ನಾನು ಪೆಟ್ಟಿಗೆಯನ್ನು ಹಿಂದೆ ಮುಂದೆ ಎಳೆದಾಡುತ್ತಿದ್ದೆ. ಕಟಿಂಗ್ ಮಾಸ್ತರ್ ನೋಡಿ, "ಉಜ್ಜಬ್ಯಾಡಮ್ಮ, ಒತ್ತು" ಅಂದರು. "ಎರಡೂ ಒಂದೇ ಅಲ್ಲೇನ್ರೀ ಮಾಸ್ತರ?" ಅಂದೆ. ಅವರು ಕ್ರಾಸ್, ಅಂದರೆ ಓರೆಯಾಗಿ, ಕತ್ತರಿಸಿದ ಒಂದು ಪಟ್ಟಿ ತಗೊಂಡು ನಾಲ್ಕು ಸಲ ಪೆಟ್ಟಿಗೆ ಎಳೆದರು. ಪಟ್ಟಿ ನನ್ನ ಕಣ್ಣೆದುರೇ ಉದ್ದವಾಯಿತು, ಅಂಚು ಅಲೆ ಅಲೆಯಾಯಿತು. ಇನ್ನೊಂದು ಪಟ್ಟಿಯ ಮೇಲೆ ಪೆಟ್ಟಿಗೆ ಇಟ್ಟು, ಎತ್ತಿ, ಪಕ್ಕಕ್ಕಿಟ್ಟರು. ಅದು ಇದ್ದ ಹಾಗೇ ಇತ್ತು.

ಈಗ ಮನೆಯಲ್ಲೇ ಬ್ಲೌಸ್, ಚೂಡಿದಾರ್ ಹೊಲಿಯುತ್ತೇನೆ. ಎಲ್ಲ ಮುಗಿದ ಮೇಲೆ ಒಂದೇ ಸಲ ಇಸ್ತ್ರಿ ಹಾಕಿದರಾಯ್ತು ಅನ್ನೋರು ಜಾಸ್ತಿ. ಹಾಗೆ ಮಾಡಿದರೆ ಒಳಗಿನ ಹೊಲಿಗೆಗೆ ಪೆಟ್ಟಿಗೆ ತಲುಪೋದೇ ಇಲ್ಲ. ಖಣದ ಬಟ್ಟೆಯಲ್ಲಿ ಪ್ರಿನ್ಸೆಸ್ ಕಟ್ (ಎದೆಯ ಮೇಲೆ ತಿರುಗಿ ಕೆಳಗಿಳಿಯುವ ಉದ್ದ ಹೊಲಿಗೆಯ) ಬ್ಲೌಸ್ ಒತ್ತದೆ ಹೊಲಿದು ನೋಡಿ, ಎದೆಯ ತಿರುವಿನಲ್ಲಿ ಸಣ್ಣ ಸಣ್ಣ ನೆರಿಗೆ ಬರುತ್ತೆ. ನಾನು ಹೊಲಿದ ಕೂಡಲೇ ಅಂಚು ಬಿಡಿಸದೆ ಆ ಹೊಲಿಗೆಯ ಮೇಲೇ ಒಮ್ಮೆ ಒತ್ತುತ್ತೇನೆ, ದಾರ ಬಟ್ಟೆಯೊಳಗೆ ಕೂರುತ್ತೆ. ಆಮೇಲೆ ತಿರುವಿನ ಅಂಚಿಗೆ ಅಲ್ಲಲ್ಲಿ ಸಣ್ಣದಾಗಿ ಕತ್ತರಿ ಕೊಟ್ಟು, ಬಿಗಿಯಾಗಿ ಸುತ್ತಿದ ಟವೆಲ್ ಮೇಲೆ ಹಾಕಿ, ಅಂಚುಗಳನ್ನು ಎರಡೂ ಕಡೆ ಬಿಡಿಸಿ ಇನ್ನೊಮ್ಮೆ ಒತ್ತೋದು. ಸಪಾಟು ಮೇಜಿನ ಮೇಲೆ ಒತ್ತಿದರೆ ಎದೆಯ ಆಕಾರವೇ ಚಪ್ಪಟೆಯಾಗುತ್ತೆ. ಕಿರಿದಾದ ತೋಳಿಗೆ ಲಟ್ಟಣಿಗೆಗೆ ಹತ್ತಿ ಬಟ್ಟೆ ಸುತ್ತಿ ಒಳಗೆ ತೂರಿಸುತ್ತೇನೆ, ಅದಕ್ಕಿಂತ ಒಳ್ಳೆ ಸಾಮಾನು ನನಗೆ ಇನ್ನೂ ಸಿಕ್ಕಿಲ್ಲ. ಒತ್ತಿದ ಮೇಲೆ ಆರೋವರೆಗೆ ಬಟ್ಟೆ ಎತ್ತಬೇಡಿ. ಬಿಸಿಯಿದ್ದಾಗ ಎತ್ತಿದರೆ ಒತ್ತಿದ್ದೆಲ್ಲ ಸಡಿಲ.

ಒಂದು ತಪ್ಪು ಇವತ್ತಿಗೂ ನೋಯಿಸುತ್ತೆ. ಪಕ್ಕದ ಓಣಿಯ ಅಕ್ಕ ಮಗಳ ಮದುವೆಗೆ ಅಂತ ಕೊಟ್ಟಿದ್ದ ಮೆರೂನ್ ರೇಷ್ಮೆ. ಅವಸರದಲ್ಲಿ ಮೇಲ್ಭಾಗದಿಂದಲೇ ಬಿಸಿ ಪೆಟ್ಟಿಗೆ ಒತ್ತಿಬಿಟ್ಟೆ. ಒಳಗಿನ ಅಂಚು ಎರಡು ಹೊಳೆಯುವ ಗೆರೆಯಾಗಿ ಹೊರಗೆ ಮೂಡಿತು. ಹಸಿ ಬಟ್ಟೆ ಹಾಕಿ ಹಬೆ ಕೊಟ್ಟರೂ ಪೂರ್ತಿ ಹೋಗಲಿಲ್ಲ, ಹೊಸ ಬಟ್ಟೆ ತಂದು ಮತ್ತೆ ಹೊಲಿದುಕೊಟ್ಟೆ. ಅವತ್ತಿನಿಂದ ರೇಷ್ಮೆಗೆ ಒಳಗಿನಿಂದಲೇ ಒತ್ತೋದು, ಮೇಲೆ ತೆಳು ಹತ್ತಿ ಬಟ್ಟೆ, ಹೊಲಿಗೆ ಅಂಚಿನ ಕೆಳಗೆ ಬಿಳಿ ಕಾಗದದ ಪಟ್ಟಿ. ನ್ಯೂಸ್ ಪೇಪರ್ ಹಾಳೆ ಬೇಡ, ಶಾಯಿ ಹತ್ತುತ್ತೆ. ಜರಿಗೆ ನೀರು ತೋರಿಸೋದೇ ಇಲ್ಲ.

ಬಟ್ಟೆಯ ಲೇಬಲ್‌ನಲ್ಲಿ ಇಸ್ತ್ರಿ ಚಿತ್ರದೊಳಗೆ ಚುಕ್ಕಿ ಇರುತ್ತೆ ಅಲ್ವಾ, ಒಂದು ಚುಕ್ಕಿ ಅಂದರೆ ಕಡಿಮೆ ಬಿಸಿ, ಎರಡಕ್ಕೆ ಮಧ್ಯಮ, ಮೂರಕ್ಕೆ ಜಾಸ್ತಿ. ಲೇಬಲ್ ಇಲ್ಲದಿದ್ದರೆ ಉಳಿದ ತುಂಡಿನ ಮೇಲೆ ಮೊದಲು ನೋಡಿಕೊಳ್ಳುತ್ತೇನೆ. ಸ್ಟೀಮ್ ಪೆಟ್ಟಿಗೆಗೆ ಬೋರ್ ನೀರು ಹಾಕಬೇಡಿ, ಗಡಸು ನೀರಿನಿಂದ ತೂತು ಕಟ್ಟಿಕೊಂಡು ಬಟ್ಟೆ ಮೇಲೆ ಬಿಳಿ ಕಲೆ ಉದುರುತ್ತೆ.

ನನ್ನದೊಂದೇ ಹಟ: ಒಂದು ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಯೋ ಮುಂಚೆ ಮೊದಲನೆಯದನ್ನು ಒತ್ತಿರಲೇಬೇಕು. ಮಧ್ಯದಲ್ಲಿ ಕರೆಂಟ್ ಹೋದರೆ, ಮಷಿನ್ ಕಾಲಿಂದ ತುಳಿಯೋದೇ ಆದರೂ, ಭುಜದ ಹೊಲಿಗೆ ಒತ್ತೋವರೆಗೆ ನಾನು ತೋಳು ಕೂರಿಸೋದಿಲ್ಲ. ಹುಕ್ಕು ಹಾಕುತ್ತಾ ಕೂರುತ್ತೇನೆ.