ತಾಳ ಕೈಗಿತ್ತ ಮೇಲೆ ಬಂದ ಪದ

ಮರೆವಿನ ಕಾಯಿಲೆಯವರಿಗೆ ಹಾಡು ಕೇಳಿಸುವ ಕ್ರಮ, ಸಂಗೀತ-ಕಲೆಗಳ ಮೂಲಕ ಆರೈಕೆ ಮಾಡುವ ನಮ್ಮ ಕೆಲಸದಲ್ಲಿ ಹೊಸದಲ್ಲ. ನಾನೂ ಅಲ್ಲಿಂದಲೇ ಆರಂಭಿಸಿ ಮುಗ್ಗರಿಸಿದೆ. ಉಡುಪಿಯ ಬಳಿಯ ಮನೆಯೊಂದರಲ್ಲಿರುವ, ಎಂಬತ್ತರ ಆಸುಪಾಸಿನ, ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಭಾಗವತರೊಬ್ಬರಿಗೆ (ಹಾಡುಗಾರರಿಗೆ) ಅಲ್ಝೈಮರ್ಸ್. ಸುಮಾರು 9,000 ರೂಪಾಯಿಯ ಹೆಡ್‌ಫೋನು, ಸ್ಪೀಕರು ತಂದು ಎರಡು ತಿಂಗಳು ಯಕ್ಷಗಾನದ ಪದಗಳನ್ನು, ಅಂದರೆ ಹಾಡುಗಳನ್ನು, ಕೇಳಿಸಿದರೆ, ಅವರು ಹೆಡ್‌ಫೋನನ್ನು ಕಳಚಿ ಎಲೆಯಡಿಕೆಯ ತಟ್ಟೆಯಲ್ಲಿಟ್ಟರು. ಚೆಂಡೆ ಬಾರಿಸಿದ ದಿನವಂತೂ ಬೆಚ್ಚಿ ಎದ್ದು ಒಳಗೆ ಹೋದರು. “ಅಮ್ಮನ ಹೆಸರೇ ನೆನಪಿಲ್ಲ, ಅಪ್ಪಯ್ಯನಿಗೆ ಪದ ಎಲ್ಲಿಂದ ಬರಬೇಕು ಮಾರಾಯ್ರೆ?” ಎಂದು ಮಗ ಕೇಳಿದರು.

ಮರುವಾರ ಏನನ್ನೂ ಕೇಳಿಸದೆ ಕಂಚಿನ ತಾಳವನ್ನು ಅವರ ಕೈಗಿಟ್ಟೆ. ಬೆರಳುಗಳು ತಾವಾಗಿ ದಾರ ಸುತ್ತಿಕೊಂಡವು, ಏಕತಾಳ ನಡೆಯಿತು. ಪದ ಮಾತ್ರ ಮೊದಲ ಸಾಲಿಗೇ ತುಂಡಾಗುತ್ತಿತ್ತು. ನಾನು ಅದನ್ನು ಮರೆವೆಂದೇ ಭಾವಿಸಿ ಸಾಹಿತ್ಯವನ್ನು ದೊಡ್ಡಕ್ಷರದಲ್ಲಿ ಬರೆದು ಮುಂದೆ ಹಿಡಿದೆ, ಅದೂ ವ್ಯರ್ಥವಾಯಿತು. ತೊಡಕಿದ್ದುದು ಶ್ರುತಿಯಲ್ಲಿ: ಅವರ ಹಳೆಯ ಕಪ್ಪು ಮೂರಕ್ಕೆ (ಹಾರ್ಮೋನಿಯಂನ ಮೂರನೆಯ ಕಪ್ಪು ಮನೆಯ ಶ್ರುತಿಗೆ) ಈಗಿನ ಕಂಠ ಏರದೆ, ಅವರು ಸಿಟ್ಟಿನಿಂದ ನಿಲ್ಲಿಸುತ್ತಿದ್ದರು. ಕಪ್ಪು ಒಂದಕ್ಕೆ ಇಳಿಸೋಣವೆಂದರೆ ನನ್ನ ಮದ್ದಳೆ ಅಷ್ಟು ಕೆಳಗೆ ನಿಲ್ಲುವುದಿಲ್ಲ. ಹಳೆಯ ಮೃದಂಗವೊಂದನ್ನು ಕೊಂಡು ಚರ್ಮದ ಮುಚ್ಚಿಗೆ ಹಾಕಿಸುವಷ್ಟರಲ್ಲಿ ಮತ್ತೆ ಏಳೆಂಟು ಸಾವಿರ ಹೋಯಿತು. ಮಳೆಗಾಲದಲ್ಲಿ ಅದು ಸಡಿಲಗೊಂಡು ಮೂರು ವಾರ ನಷ್ಟವಾಯಿತು. ಶ್ರುತಿ ಕೂಡಿದ ದಿನ ಅವರು ಇಡೀ ಪದವನ್ನು ತಡೆಯಿಲ್ಲದೆ ಹಾಡಿದರು. ಯಾವ ಪದದಿಂದ ಎತ್ತಿಸಿದೆ, ಎಲ್ಲಿ ಬೇಕೆಂದೇ ಬಾಯಿ ಮುಚ್ಚಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ನಾನು ಕೈಯಿಂದ ಹಣ ಹಾಕಿ ಕಲಿತದ್ದು.

ನಡುವೆ, ಮಗಳ ಗುರುತೂ ಹತ್ತದ, ಮಲ್ಲಿಗೆಗೆ ಹೆಸರಾದ ಶಂಕರಪುರದ ಅಜ್ಜಿಯೊಬ್ಬರಿಗೆ ಮಲ್ಲಿಗೆ ಮೊಗ್ಗು, ಬಾಳೆನಾರು ಕೊಟ್ಟು ನೋಡಿದೆ. ಅವರು ಮಾತಿಲ್ಲದೆ ಒಂದು ಗೇಣು ನೇಯ್ದು, ನಾನು ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದರು. ಆದರೆ ಮಲ್ಲಿಗೆ ಮಾರುವ ಅಳತೆಯಾದ, ಹೂವಿನ ನಾಲ್ಕು ಚೆಂಡು ಸೇರಿದ ಅಟ್ಟೆಯ ದರ ಮದುವೆಯ ದಿನಗಳಲ್ಲಿ ಏರಿದಾಗ ಈ ಪ್ರಯೋಗ ನನ್ನ ಜೇಬಿಗೆ ನಿಲುಕಲಿಲ್ಲ. ಬಣ್ಣ, ಕುಂಚಗಳನ್ನು ಭಾಗವತರ ಮುಂದಿಟ್ಟದ್ದೂ ಉಂಟು. ಅವರು ಕುಂಚದಲ್ಲಿ ಮೇಜಿನ ಮೇಲೆ ತಾಳ ಹಾಕಿದರು.

ಈಗ ವಾರಕ್ಕೆ ಮೂರು ದಿನ, ಬೆಳಿಗ್ಗೆ ಹತ್ತರ ಹೊತ್ತಿಗೆ, ಇಪ್ಪತ್ತು ನಿಮಿಷ ಹಾಡುತ್ತಾರೆ. ಸಂಜೆಯ ಚಡಪಡಿಕೆಯಲ್ಲಿ ನಾನು ತಾಳ ಮುಟ್ಟಿಸುವುದಿಲ್ಲ. ನಾನು ಯಾರೆಂದು ಅವರಿಗೆ ಇಂದಿಗೂ ತಿಳಿಯದು. ಕಳೆದ ವಾರ ರೂಪಕತಾಳದಲ್ಲಿ ನನ್ನ ಪೆಟ್ಟು ತಪ್ಪಿದಾಗ ಮಾತ್ರ ತಾಳ ನಿಲ್ಲಿಸಿ, ಮೃದಂಗವನ್ನೊಮ್ಮೆ, ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಮೊದಲಿನಿಂದ ಎತ್ತಿದರು.