ಮರ್ಫಿಸ್‌ಗೆ ಹೋದರೆ ಮೊದಲು ಚಿನ್ನ, ಆಮೇಲೆ ವೈನ್

ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದಿಂದ ಕ್ಯಾಲಿಫೋರ್ನಿಯಾದ ವೈನ್ ಊರು ಮರ್ಫಿಸ್ ಕಡೆ ಹೊರಟಿದ್ದರೆ ದ್ರಾಕ್ಷಿ ತೋಟದಿಂದ ತೋಟಕ್ಕೆ ಕಾರು ಓಡಿಸಬೇಡಿ. ಊರಾಚೆ ಸುಮಾರು ಒಂದು ಮೈಲಿ ದೂರದ ಐರನ್‌ಸ್ಟೋನ್ ವೈನರಿಯ ಮ್ಯೂಸಿಯಂ ಮೊದಲು ಮುಗಿಸಿ. ಅಲ್ಲಿ 1992ರಲ್ಲಿ ಜೇಮ್ಸ್‌ಟೌನ್ ಗಣಿಯಲ್ಲಿ ಸಿಕ್ಕ 44 ಪೌಂಡಿನ ಹರಳುಗಟ್ಟಿದ ಚಿನ್ನ ಇದೆ. ಎಲೆಗಳ ಗೊಂಚಲಿನ ಹಾಗೆ ಕಾಣುತ್ತದೆ, ಬರೀ ಇದಕ್ಕೇ ಹೋಗಬಹುದು! ಆಮೇಲೆ ಊರೊಳಗೆ ಕಾರು ನಿಲ್ಲಿಸಿ ಮೇನ್ ಸ್ಟ್ರೀಟ್‌ನಲ್ಲಿ ನಡೆಯಿರಿ. ಇದು 1848ರಲ್ಲಿ ಚಿನ್ನ ಹುಡುಕಿಕೊಂಡು ಬಂದವರು ಕಟ್ಟಿದ ಊರು, ಕಾರು ಬರುವ ಮುಂಚಿನದು. ಹಾಗಾಗಿ ಎಲ್ಲ ಹತ್ತಿರ ಹತ್ತಿರ. ಸುತ್ತಲಿನ ವೈನರಿಗಳು ಈ ಬೀದಿಯಲ್ಲೇ ವೈನ್ ರುಚಿ ನೋಡುವ ಟೇಸ್ಟಿಂಗ್ ರೂಮ್ ತೆರೆದಿವೆ, ಒಂದರಿಂದ ಇನ್ನೊಂದಕ್ಕೆ ನಾಲ್ಕು ಹೆಜ್ಜೆ. ನಡುವೆ 1856ರ ಮರ್ಫಿಸ್ ಹೋಟೆಲ್ ನೋಡಿ. ಇಬ್ಬರ ನಡುವೆ ಒಂದೇ ಟೇಸ್ಟಿಂಗ್ ತಗೊಂಡರೆ ಸಾಕು, ಜಿನ್‌ಫ಼ಂಡೆಲ್ ಅನ್ನೋ ದ್ರಾಕ್ಷಿಯ ವೈನ್ ಇದ್ದರೆ ಬಿಡಬೇಡಿ. ಆದರೆ ವಾರದ ಮೊದಲ ದಿನಗಳಲ್ಲಿ ಈ ಉಪಾಯ ಕೆಲಸ ಮಾಡಲ್ಲ. ಎಷ್ಟೋ ರೂಮ್‌ಗಳು ಮುಚ್ಚಿರುತ್ತವೆ, ತೆರೆದವೂ ಸಂಜೆ ಬೇಗ ಬಾಗಿಲು ಹಾಕುತ್ತವೆ. 21 ತುಂಬದವರಿಗೆ ವೈನ್ ಕೊಡುವುದಿಲ್ಲ, ಮಕ್ಕಳಿದ್ದರೆ ಹತ್ತಿರದ ಮರ್ಸರ್ ಗುಹೆಗೆ ಕರೆದುಕೊಂಡು ಹೋಗಿ. ಮೆಟ್ಟಿಲು ಜಾಸ್ತಿ, ಮಂಡಿನೋವಿನ ಅಪ್ಪ ಅಮ್ಮನಿಗೆ ಬೇಡ. ಬೇಸಿಗೆಯಲ್ಲಿ ಕೊಂಡ ಬಾಟಲಿಗಳನ್ನು ಸುಮ್ನೆ ಕಾರಲ್ಲಿ ಬಿಟ್ಟರೆ ಬಿಸಿಗೆ ಕೆಡುತ್ತವೆ, ಐಸ್‌ಬಾಕ್ಸ್ ಒಯ್ಯಿರಿ. ವಾಪಸ್ ಓಡಿಸುವವರು ಮಾತ್ರ ಕುಡಿಯಬೇಡಿ, ದಾರಿ ಎರಡು ಗಂಟೆಗಿಂತ ಜಾಸ್ತಿ ಅಲ್ವಾ.